ಕೆಟ್ಟ ಧಾನ್ಯದ ಜಪ್ತಿಯೂ ಜನರ ಹಕ್ಕೂ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಶಿಕ್ಷಕರೂ ನಾಗರಿಕರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಎತ್ತಿಕೊಂಡಿರುವ ವಿಷಯವು ಪೇಟೆಯ ಚೀಲಕ್ಕೂ ಅಂಗಡಿಯ ಡಬ್ಬಿಗೂ ಸಂತೆಯ ಬುಟ್ಟಿಗೂ ಸೇರಿದುದು. ಕೆಟ್ಟುಹೋದ ಆಹಾರವನ್ನು ಸರಕಾರವು ಜಪ್ತು ಮಾಡಬಹುದೆ? ಮಾಡುವದಾದರೆ ಯಾವ ಕ್ರಮದಿಂದ ಮಾಡತಕ್ಕದ್ದು? ಜಪ್ತಾದ ಬಳಿಕ ಆ ಮಾಲಿನ ಗತಿಯೇನು, ಅದರ ಒಡೆಯನ ಗತಿಯೇನು, ಅದನ್ನೇ ಅಗ್ಗಕ್ಕೆ ಕೊಂಡು ಹೊಟ್ಟೆ ಹೊರೆಯಬೇಕೆಂದಿದ್ದ ಬಡವನ ಗತಿಯೇನು? ಈ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಕೇಳಿ ಉಳಿದೆರಡನ್ನು ಬಿಟ್ಟರೆ ಕಾಯದೆಯು ಅರ್ಧ ಕಾಯದೆಯಾಗುವದು.

ನಮ್ಮ ಈ ನಾಲ್ಕು ತಾಲೂಕುಗಳಿಗೆ ಈ ವಿಷಯವು ಹೊಸದಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿಯ ಕಪ್ಪು ನೆಲದಲ್ಲಿ ಬೆಳೆ ಬಂದರೆ ಓಣಿ ಓಣಿಯಲ್ಲಿ ಕಾಳು ತುಂಬುವದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಬೆಳೆ ಬಂದ ವರ್ಷದ ಜೋಳವನ್ನು ಬಾರದ ವರ್ಷಕ್ಕೆ ಕಾಯ್ದಿಡುವದೇ ಇಲ್ಲಿಯ ಒಕ್ಕಲುತನದ ದೊಡ್ಡ ವಿದ್ಯೆ. ಅದಕ್ಕಾಗಿಯೇ ನಮ್ಮವರು ನೆಲದಲ್ಲಿ ಹಗೇವು ತೋಡಿದರು. ಅದರ ಮಗ್ಗುಲಿಗೂ ತಳಕ್ಕೂ ಒಣ ಹುಲ್ಲು ಒತ್ತಿ, ಕಾಳು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದರು. ತೆರೆಯುವಾಗ ಒಳಗೆ ದೀಪ ಇಳಿಸಿ ನೋಡಿದರು. ದೀಪ ಆರಿದರೆ ಮನುಷ್ಯನು ಇಳಿಯಬಾರದು; ಒಳಗಿನ ಗಾಳಿ ಉಸಿರಿಗೆ ತಕ್ಕದ್ದಲ್ಲ. ಮಗ್ಗುಲಿಗೆ ತಾಗಿ ತೇವ ಹಿಡಿದ ಕಾಳನ್ನು ಬೇರೆ ಮಾಡಿ, ನಡುವಿನ ಒಳ್ಳೆಯ ಕಾಳನ್ನು ಮಾತ್ರ ಮನೆಗೆ ತಂದರು. ಬಳಿಕ ಮನೆಯ ಹೆಣ್ಣುಮಗಳು ಮೊರದಲ್ಲಿ ಕೇರಿ, ಮೂಗಿಗೆ ಹಿಡಿದು, ಹಲ್ಲಿಗೆ ಕಡಿದು ನೋಡಿದಳು. ಯಾವ ಸರಕಾರವೂ ಬರೆದುಕೊಡದ ಕಾಯದೆಯಿದು. ಅದರ ಪರೀಕ್ಷಕನೂ ನ್ಯಾಯಾಧೀಶನೂ ಒಬ್ಬ ತಾಯಿ.

ಆದರೆ ಧಾನ್ಯವು ಹಗೇವಿನಿಂದ ಮನೆಗೆ ಬರುವ ಬದಲು ಅಡತಿಯಂಗಡಿಗೆ ಹೋಗಿ, ಅಲ್ಲಿಂದ ಇಂಡಿ ರೋಡ, ಬಾಗೇವಾಡಿ ರೋಡ ನಿಲ್ದಾಣಗಳ ಮೂಲಕ ದೂರದ ಪೇಟೆಗೆ ಸಾಗತೊಡಗಿದ ಮೇಲೆ ಈ ಮನೆಯ ಕಾಯದೆ ಸಾಲದಾಯಿತು. ಕೊಳ್ಳುವವನು ಹಗೇವನ್ನು ನೋಡಿಲ್ಲ. ಮಾರುವವನು ಮಗ್ಗುಲ ಕಾಳನ್ನು ನಡುವಿನ ಕಾಳಿನಲ್ಲಿ ಬೆರಸಿದರೆ ಚೀಲದ ಬಾಯಿಯಲ್ಲಿ ಅದು ಕಾಣುವದಿಲ್ಲ. ತಿನ್ನುವವನ ಕಣ್ಣಿಗೂ ತಿನ್ನುವ ವಸ್ತುವಿಗೂ ಅಂತರ ಬಿದ್ದಲ್ಲಿ ಮೂರನೆಯವನೊಬ್ಬನ ಕಣ್ಣು ಬೇಕಾಗುವದು. ಆಹಾರದ ಕಾಯದೆಯು ಹುಟ್ಟಿದ್ದು ಈ ಅಂತರದಲ್ಲಿ.

ಇಲ್ಲಿ ಎರಡು ದೋಷಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಹಾಲಿಗೆ ನೀರು, ತುಪ್ಪಕ್ಕೆ ಕೊಬ್ಬು, ಅರಿಶಿನಕ್ಕೆ ಬಣ್ಣ ಹಾಕುವದು ಕಲಬೆರಕೆ. ಅದು ಮನುಷ್ಯನು ಲಾಭದಾಸೆಯಿಂದ ಮಾಡುವ ಕೃತ್ಯ. ಬೂಷ್ಟು ಹಿಡಿದ ಜೋಳ, ಹುಳಿತ ಖವಾ, ಕೊಳೆತ ಹಣ್ಣು, ಹುಳ ಬಿದ್ದ ಹಿಟ್ಟು ಇವು ಕೆಟ್ಟ ಆಹಾರ. ಮಳೆ, ಬಿಸಿಲು, ಕಾಲ ಇವು ಅದನ್ನು ಕೆಡಿಸುತ್ತವೆ. ಗೊತ್ತಿದ್ದೂ ಮಾರುವದಷ್ಟೇ ಮನುಷ್ಯನ ಅಪರಾಧ. ಮೊದಲನೆಯದನ್ನು ಹಿಡಿಯಲು ರಾಸಾಯನಿಕ ಪರೀಕ್ಷೆ ಬೇಕು, ವೇಳೆ ಬೇಕು. ಎರಡನೆಯದನ್ನು ಅನೇಕ ಸಲ ಕಣ್ಣು ಮೂಗುಗಳೇ ಹಿಡಿಯುತ್ತವೆ. ಆದರೆ ವೇಳೆಗೆಟ್ಟರೆ ಮಾಲು ಮಾರಾಟವಾಗಿ ಹೊಟ್ಟೆ ಸೇರಿಬಿಡುವದು. ಆದುದರಿಂದ ಕಲಬೆರಕೆಯ ಕಾಯದೆ ದಂಡದ ಕಡೆಗೆ ಹೆಚ್ಚು ನೋಡಿದರೆ, ಕೆಟ್ಟ ಆಹಾರದ ಕಾಯದೆ ಜಪ್ತಿಯ ಕಡೆಗೆ ನೋಡಲೇಬೇಕಾಯಿತು.

ಈ ವಿಚಾರವು ಬಹು ಹಳೆಯದು. ಧಾನ್ಯ, ಎಣ್ಣೆ ತುಪ್ಪ, ಉಪ್ಪು, ಔಷಧ ಇವುಗಳಲ್ಲಿ ಅದೇ ಜಾತಿಯ ಕೀಳು ವಸ್ತುವನ್ನು ಬೆರಸಿದವನಿಗೆ ಕೌಟಿಲ್ಯನು 12 ಪಣಗಳ ದಂಡ ಹೇಳಿದ್ದಾನೆ. ಇಂಗ್ಲಂಡದಲ್ಲಿ 1858ರಲ್ಲಿ ಬ್ರ್ಯಾಡ್‌ಫರ್ಡ ಪಟ್ಟಣದ ಮಿಠಾಯಿಯಲ್ಲಿ ತಪ್ಪಿನಿಂದ ಪಾಷಾಣ ಸೇರಿ ಸುಮಾರು 20 ಜನರು ಸತ್ತರು. 1860ರಲ್ಲಿ ಅಲ್ಲಿ ಮೊದಲ ಕಲಬೆರಕೆಯ ಕಾಯದೆಯಾಯಿತು. 1875ರ ಸಾರ್ವಜನಿಕ ಆರೋಗ್ಯದ ಕಾಯದೆಯು ಕೆಟ್ಟ ಮಾಂಸ, ಮೀನು, ಹಣ್ಣು, ಧಾನ್ಯ, ಹಾಲುಗಳನ್ನು ಅಧಿಕಾರಿಯು ಸ್ಥಳದಲ್ಲಿಯೇ ಹಿಡಿದು ನ್ಯಾಯಾಧೀಶನ ಮುಂದೆ ಒಯ್ಯಬಹುದೆಂದೂ, ಅವನು ಕಂಡು ನಿರ್ಣಯಿಸಿದರೆ ನಾಶಮಾಡಬಹುದೆಂದೂ ವಿಧಿಸಿತು. ಹಿಡಿಯುವವನು ಒಬ್ಬ, ನಿರ್ಣಯಿಸುವವನು ಇನ್ನೊಬ್ಬ ಎಂಬ ಈ ತತ್ತ್ವವನ್ನು ಮನಸ್ಸಿನಲ್ಲಿಡಬೇಕೆಂದು ಬೇಡುತ್ತೇವೆ.

ನಮ್ಮ ದೇಶದಲ್ಲಿ 1860ರ ದಂಡಸಂಹಿತೆಯ 272 ಮತ್ತು 273ನೆಯ ಕಲಮುಗಳು ಕಲಬೆರಕೆಯನ್ನೂ, ತಿನ್ನಲು ಬಾರದ ಸ್ಥಿತಿಗೆ ಬಂದ ಆಹಾರದ ಮಾರಾಟವನ್ನೂ ಅಪರಾಧವೆಂದು ಸಾರಿದವು. ಆರು ತಿಂಗಳ ಸೆರೆ, ಇಲ್ಲವೆ 1000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಆದರೆ ಮಾರಿದವನಿಗೆ ಅದು ಕೆಟ್ಟದ್ದೆಂದು ಗೊತ್ತಿತ್ತೆಂಬುದನ್ನೋ, ಹಾಗೆ ನಂಬಲು ಕಾರಣವಿತ್ತೆಂಬುದನ್ನೋ ಸಿದ್ಧಪಡಿಸಬೇಕಾಗಿತ್ತು. ‘ನನಗೆ ತಿಳಿಯದು, ಚೀಲ ಬಂದಂತೆ ಮಾರಿದೆ’ ಎನ್ನುವವನ ಮುಂದೆ ಕಲಮು ಕೈಕಟ್ಟಿ ನಿಲ್ಲುತ್ತಿತ್ತು. ಮುಂಬಯಿ ಶಹರಕ್ಕೆ 1888ರ ಮ್ಯುನಿಸಿಪಲ್ ಕಾಯದೆಯು ತಿನಿಸುಗಳ ನಿತ್ಯ ತಪಾಸಣೆಯನ್ನೂ ಜಪ್ತಿಯ ಅಧಿಕಾರವನ್ನೂ ಕೊಟ್ಟಿತು. ಜಿಲ್ಲೆಯ ಊರುಗಳಿಗೆ 1901ರ ಜಿಲ್ಲಾ ಮ್ಯುನಿಸಿಪಲ್ ಕಾಯದೆ ಬಂದಿತು. 1925ರಲ್ಲಿ ಮುಂಬಯಿ ಇಲಾಖೆಗೆ ಕಲಬೆರಕೆ ಪ್ರತಿಬಂಧಕ ಕಾಯದೆಯಾಯಿತು. ಮದ್ರಾಸಿಗೆ 1918ರಲ್ಲಿ, ಬಂಗಾಲಕ್ಕೆ 1919ರಲ್ಲಿ ಇಂಥ ಕಾಯದೆಗಳು ಆಗಿದ್ದವು.

ಮಹನೀಯರೇ, ಈ ವರ್ಷಗಳ ಯಾದಿಯಲ್ಲಿ ಕನ್ನಡಿಗರ ಒಂದು ದುಃಖವೂ ಅಡಗಿದೆ. ವಿಜಾಪುರ ಜಿಲ್ಲೆಗೆ ಮುಂಬಯಿಯ ಕಾಯದೆ. ಬಳ್ಳಾರಿಗೂ ದಕ್ಷಿಣ ಕನ್ನಡಕ್ಕೂ ಮದ್ರಾಸಿನದು. ಮೈಸೂರಿಗೆ ಅದರದೇ ಆಡಳಿತ. ಜಮಖಂಡಿ, ಮುಧೋಳಗಳು ಸಂಸ್ಥಾನಗಳು. ಸಿಂದಗಿ, ಮುದ್ದೇಬಿಹಾಳಗಳ ಮೂಡಣ ಎಲ್ಲೆ ದಾಟಿದರೆ ನಿಜಾಮರ ಸೀಮೆ. ಅಲ್ಲಿ ಮುಂಬಯಿಯ ಹುಕುಮು ಒಂದು ಹೆಜ್ಜೆಯೂ ನಡೆಯುತ್ತಿರಲಿಲ್ಲ. ಎತ್ತಿನ ಬಂಡಿಗೆ ಈ ಎಲ್ಲೆಗಳು ಕಾಣುತ್ತಿರಲಿಲ್ಲ. ಒಂದೇ ಭಾಷೆಯಲ್ಲಿ ಮಾತಾಡಿ, ಒಂದೇ ಜೋಳದ ರೊಟ್ಟಿಯನ್ನು ತಿನ್ನುವ ಜನರ ಆರೋಗ್ಯಕ್ಕೆ ಒಬ್ಬ ಹೊಣೆಗಾರನಿರಲಿಲ್ಲ. ಸ್ವತಂತ್ರ ಭಾರತದ ಸಂವಿಧಾನವು ಆಹಾರದ ಕಲಬೆರಕೆಯನ್ನು ಸಮವರ್ತಿ ಪಟ್ಟಿಯ 18ನೆಯ ವಿಷಯವಾಗಿ ಸೇರಿಸಿದ್ದರಿಂದ ಮಧ್ಯವರ್ತಿ ಸರಕಾರವು ಇಡಿಯ ದೇಶಕ್ಕೆ ಒಂದು ಕಾಯದೆ ಮಾಡಲು ಮಾರ್ಗವಾಯಿತು. 1954ರಲ್ಲಿ ಆಹಾರ ಕಲಬೆರಕೆ ಪ್ರತಿಬಂಧಕ ಕಾಯದೆಯು ಅಂಗೀಕಾರವಾಗಿ 1955ರ ಜೂನ್ 1ರಂದು ಜಾರಿಗೆ ಬಂದಿತು. ಹಳೆಯ ಪ್ರಾಂತಗಳ ಕಾಯದೆಗಳು ರದ್ದಾದವು. ಮರುವರ್ಷ, 1956ರ ನವಂಬರ 1ರಂದು, ಕನ್ನಡ ನಾಡೂ ಒಂದಾಯಿತು. ಕಾಯದೆ ಒಂದಾಗಿ, ಅದನ್ನು ನಡೆಸುವ ರಾಜ್ಯವೂ ಒಂದಾದ ಮೇಲೆ ಸಿಂದಗಿಯವನೂ ಶಹಾಪುರದವನೂ ಒಂದೇ ಕಚೇರಿಯ ಬಾಗಿಲು ಬಡಿಯುವಂತಾಯಿತು.

ಈ 1954ರ ಕಾಯದೆಯು ಜಪ್ತಿಯ ವಿಷಯದಲ್ಲಿ ಏನು ಹೇಳಿತೆಂಬುದನ್ನು ಸ್ವಲ್ಪ ವಿವರವಾಗಿ ನೋಡುವ. ಹೊಲಸಾದ, ಕೊಳೆತ, ನಾರುವ, ಹುಳ ಬಿದ್ದ, ಇಲ್ಲವೆ ಬೇರೆ ರೀತಿಯಿಂದ ಮನುಷ್ಯನ ಊಟಕ್ಕೆ ಬಾರದ ವಸ್ತುವನ್ನು ಅದು ‘ಕಲಬೆರಕೆ’ ಎಂಬ ಮಾತಿನ ಅರ್ಥದಲ್ಲಿಯೇ ಸೇರಿಸಿತು. ಮಾರುವವನ ಅಜ್ಞಾನವು ಸಬೂಬಾಗಲಾರದೆಂದಿತು. ಆದರೆ ತನಗೆ ಮಾರಿದವನಿಂದ ಲಿಖಿತ ಖಾತರಿ ಪಡೆದು, ಬಂದ ಸ್ಥಿತಿಯಲ್ಲಿಯೇ ಸರಿಯಾಗಿ ಇಟ್ಟು ಮಾರಿದವನಿಗೆ ರಕ್ಷಣೆಯನ್ನೂ ಕೊಟ್ಟಿತು. ಆಹಾರ ತಪಾಸಣೆಗಾರನಿಗೆ ಸಂಶಯ ಬಂದರೆ ಮಾಲನ್ನು ಒಯ್ಯಬಹುದು, ಇಲ್ಲವೆ ಅಂಗಡಿಕಾರನ ಸ್ವಾಧೀನದಲ್ಲಿಯೇ ಮುದ್ರೆಯೊತ್ತಿ ಇಡಬಹುದು. ಎರಡರಲ್ಲಿ ಯಾವುದನ್ನು ಮಾಡಿದರೂ ನಮೂನೆ ತೆಗೆದು ಸರಕಾರಿ ಪರೀಕ್ಷಕನಿಗೆ ಕಳಿಸಲೇಬೇಕು. ಒಬ್ಬರನ್ನೋ ಹೆಚ್ಚು ಜನರನ್ನೋ ಸಾಕ್ಷಿಗೆ ಕರೆದು ಅವರ ಸಹಿ ಪಡೆಯಬೇಕು. ಪರೀಕ್ಷಕನ ವರದಿ ಬಂದ ಏಳು ದಿನಗಳ ಒಳಗೆ ಮಾಲನ್ನು ಮ್ಯಾಜಿಸ್ಟ್ರೇಟನ ಮುಂದೆ ಹಾಜರುಪಡಿಸಬೇಕು.

ಮ್ಯಾಜಿಸ್ಟ್ರೇಟನು ವಿಚಾರಿಸಿ ದೋಷ ಕಂಡರೆ ಮಾಲನ್ನು ಸರಕಾರಕ್ಕೆ ಸೇರಿಸಬಹುದು. ಒಡೆಯನ ಖರ್ಚಿನಿಂದ ನಾಶಮಾಡಿಸಬಹುದು. ಮನುಷ್ಯನ ಊಟಕ್ಕೆ ಬಾರದಂತೆ ಬೇರೆ ಕಡೆಗೆ ವಿಲೇವಾರಿ ಮಾಡಿಸಬಹುದು. ಶುದ್ಧಿಗೊಳಿಸಿ ಮಾರಲು ಸಾಧ್ಯವಿದ್ದರೆ ಮುಚ್ಚಳಿಕೆ ಬರೆಯಿಸಿಕೊಂಡು ಮರಳಿ ಕೊಡಬಹುದು. ದೋಷವಿಲ್ಲವೆಂದು ಕಂಡರೆ ಮಾಲು ಒಡೆಯನಿಗೆ ಮರಳಬೇಕು. ಆಗಿರುವ ನಿಜವಾದ ನಷ್ಟದ ಮಿತಿಯಲ್ಲಿ ಪರಿಹಾರವನ್ನೂ ಕೊಡಿಸಬಹುದು. ಕಾರಣವಿಲ್ಲದೆ ಕಿರುಕುಳಕ್ಕಾಗಿ ಜಪ್ತು ಮಾಡಿದ ತಪಾಸಣೆಗಾರನೇ ಅಪರಾಧಿಯೆಂದು ಅದೇ ಕಾಯದೆ ಹೇಳಿತು. ವ್ಯಾಪಾರಿ ಬಂಧುಗಳು ಈ ಮಾತನ್ನು ಲಕ್ಷ್ಯಗೊಟ್ಟು ಕೇಳಬೇಕು. ಜಪ್ತಿಯ ಹೆಸರು ಕೇಳಿದೊಡನೆ ಲಂಚದ ಗಂಟನ್ನು ಬಿಚ್ಚುವವನು ತನ್ನ ಹಕ್ಕನ್ನು ತಾನೇ ಮಾರಿಕೊಳ್ಳುತ್ತಾನೆ.

ಆದರೂ ಒಂದು ಕೊರತೆ ಉಳಿದಿತ್ತು. ಹಾಲು, ಖವಾ, ಹಣ್ಣು ಇಂಥವು ವರದಿಯ ದಾರಿ ಕಾಯುತ್ತ ಕೂಡ್ರಲಾರವು. ಆದುದರಿಂದ 1976ರ ತಿದ್ದುಪಡಿಯು, ಬೇಗ ಕೆಡುವ ಮಾಲು ಊಟಕ್ಕೆ ಬಾರದಷ್ಟು ಕೆಟ್ಟಿದೆಯೆಂದು ಸ್ಥಳೀಯ ಆರೋಗ್ಯಾಧಿಕಾರಿಗೆ ಖಾತ್ರಿಯಾದರೆ, ಅಂಗಡಿಕಾರನಿಗೆ ಲಿಖಿತ ನೋಟೀಸು ಕೊಟ್ಟು ಅದನ್ನು ನಾಶಮಾಡಿಸಬಹುದೆಂದು ಕೂಡಿಸಿತು. ತ್ವರೆ ಎಷ್ಟೇ ಇರಲಿ, ನೋಟೀಸನ್ನು ಬಿಡಲಿಲ್ಲ ಎಂಬುದು ಗಮನಿಸತಕ್ಕ ಮಾತು.

‘ಕೆಟ್ಟದ್ದು’ ಎಂದರೆ ಎಷ್ಟು ಕೆಟ್ಟದ್ದು? ಈ ಪ್ರಶ್ನೆ ದೇಶದ ಅತ್ಯುಚ್ಚ ನ್ಯಾಯಾಲಯದವರೆಗೆ ಹೋಯಿತು. ದಿಲ್ಲಿಯಲ್ಲಿ ಹುಳ ಬಿದ್ದ ಗೋಡಂಬಿಯ ಎರಡು ಮೊಕದ್ದಮೆಗಳು ನಡೆದವು. 1975ರಲ್ಲಿ ನ್ಯಾಯಾಲಯವು ಹುಳ ಬಿದ್ದಿತೆಂದರಷ್ಟೇ ಸಾಲದು, ಅದರಿಂದ ವಸ್ತುವು ಊಟಕ್ಕೆ ಬಾರದಂತಾಗಿದೆಯೆಂದು ತೋರಿಸಬೇಕು ಎಂದಿತು. 1979ರಲ್ಲಿ ಅದೇ ನ್ಯಾಯಾಲಯವು ಕಲಮಿನಲ್ಲಿಯ ‘ಅಥವಾ’ ಎಂಬ ಪದವು ಎರಡು ಬೇರೆ ವರ್ಗಗಳನ್ನು ಸೂಚಿಸುವದೆಂದೂ, ಹುಳ ಬಿದ್ದ ವಸ್ತುವಿನ ವರ್ಗವು ತಾನೇ ಪ್ರತ್ಯೇಕವೆಂದೂ ತೀರ್ಪಿತ್ತಿತು. ಒಂದು ‘ಅಥವಾ’ ಪದದ ಮೇಲೆ ವ್ಯಾಪಾರಿಯ ಸೆರೆಮನೆಯೂ ಗಿರಾಕಿಯ ಹೊಟ್ಟೆಯೂ ತೂಗಾಡಿದವು. ವ್ಯಾಕರಣ ಕಲಿಸುವ ಶಿಕ್ಷಕ ಬಂಧುಗಳು ಇದನ್ನು ತಮ್ಮ ವಿದ್ಯಾರ್ಥಿಗಳಿಗೆ ಉದಾಹರಣೆಯಾಗಿ ಹೇಳಬಹುದು.

ಇನ್ನು ನಮ್ಮ ಜೋಳದ ಮಾತಿಗೆ ಬರುವ. ಕಣ್ಣು ಮೂಗುಗಳು ಕೆಟ್ಟದ್ದನ್ನು ಹಿಡಿಯುತ್ತವೆ ಎಂದೆವು. ಆದರೆ ಎಷ್ಟು ಕೆಟ್ಟಿದೆ ಎಂಬುದನ್ನು ಅವು ಹೇಳಲಾರವು. 1995ರಲ್ಲಿ ದಖ್ಖಣದ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಜನರಿಗೆ ಒಮ್ಮೆಲೆ ಹೊಟ್ಟೆನೋವು, ಹೊಟ್ಟೆ ಗುಡುಗುಡಿಸುವಿಕೆ, ಭೇದಿ ಹತ್ತಿಕೊಂಡವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿದ್ವಾಂಸರು ಹೋಗಿ ನೋಡಿದರು. 50 ಹಳ್ಳಿಗಳನ್ನು ಸಮೀಕ್ಷಿಸಿದಾಗ 27ರಲ್ಲಿ ಈ ಬೇನೆ ಕಂಡಿತು. ಆ ಮನೆಯವರು ಸುಗ್ಗಿಯ ಹೊತ್ತಿಗೆ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಜೋಳವನ್ನೋ ಗೋವಿನಜೋಳವನ್ನೋ ತಿಂದಿದ್ದರು. ಅದರಲ್ಲಿ ಫ್ಯುಸೇರಿಯಮ್ ಎಂಬ ಬೂಷ್ಟೂ, ಅದು ಹುಟ್ಟಿಸುವ ಫ್ಯುಮೊನಿಸಿನ್ ಎಂಬ ವಿಷವೂ ಸಿಕ್ಕವು. ಇದಕ್ಕೂ ಮೊದಲು, 1974ರಲ್ಲಿ, ರಾಜಸ್ಥಾನ ಗುಜರಾತಗಳ ಸೀಮೆಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳದಿಂದ ಕಾಮಾಲೆಯಾಗಿ 397 ರೋಗಿಗಳಲ್ಲಿ 106 ಜನರು ಸತ್ತರು. ಅಲ್ಲಿಯ ವಿಷ ಅಫ್ಲಾಟಾಕ್ಸಿನ್. ಇಂಥ ವಿಷವು ತೊಳೆದರೆ ಪೂರ್ತಿ ಹೋಗುವದಿಲ್ಲ, ರೊಟ್ಟಿ ಸುಟ್ಟರೂ ಪೂರ್ತಿ ನಾಶವಾಗುವದಿಲ್ಲ.

ನಮ್ಮ ಹಿಂಗಾರಿ ಜೋಳವು ಒಣ ಹವೆಯಲ್ಲಿ ಮಾಗುವದರಿಂದ ಈ ಅಪಾಯ ಅದಕ್ಕೆ ಕಡಿಮೆ. ಮುಂಗಾರಿ ಜೋಳದ ತೆನೆ ಮಾಗುವ ಹೊತ್ತಿಗೆ ಮಳೆ ಹಿಡಿದರೆ ಕಾಳು ಕಪ್ಪಿಟ್ಟು ಬೂಷ್ಟು ಕೂಡ್ರುವದು. ಅಂಥ ಕಾಳು ಅಗ್ಗವಾಗುವದು. ಅಗ್ಗವಾದುದನ್ನು ಕೊಳ್ಳುವವನು ಬಡವ. ಕೆಟ್ಟ ಆಹಾರದ ಪ್ರಶ್ನೆಯ ತಿರುಳು ಇಲ್ಲಿದೆ. ಶ್ರೀಮಂತನು ಕಪ್ಪು ಕಾಳನ್ನು ನೋಡಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಬಡವನು ಅದನ್ನು ಕಪ್ಪೆಂದು ಕಂಡೂ ಕೊಳ್ಳುತ್ತಾನೆ.

ಇಲ್ಲಿ ಒಂದು ಆಕ್ಷೇಪಣೆಯು ಏಳುವದು. ಅದನ್ನು ನಾವು ತಳ್ಳಿಹಾಕುವದಿಲ್ಲ. ‘ಬರದ ನಾಡಿನಲ್ಲಿ ಕಾಳನ್ನು ಮಣ್ಣುಪಾಲು ಮಾಡುವದೆ? ಹಸಿದವನ ಕೈಯಿಂದ ಅಗ್ಗದ ಜೋಳವನ್ನು ಕಿತ್ತುಕೊಂಡು ಅವನಿಗೆ ಆರೋಗ್ಯದ ಉಪದೇಶ ಕೊಡುವದೆ?’ 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಈ ಜಿಲ್ಲೆ ಕಲಾದಗಿ ಜಿಲ್ಲೆಯೆನಿಸಿತ್ತು. 1872 ಮತ್ತು 1881ರ ಎರಡು ಖಾನೇಸುಮಾರಿಗಳ ನಡುವೆ ಇಲ್ಲಿಯ ಜನಸಂಖ್ಯೆಯು ಸುಮಾರು ಐದರಲ್ಲಿ ಒಂದು ಪಾಲು ಇಳಿಯಿತು. 1942-43ರಲ್ಲಿ ಮತ್ತೆ ಬರ. ಇಂಥ ನೆನಪುಳ್ಳ ಜನರು ಕಾಳನ್ನು ಸುಡುವದನ್ನು ನೋಡಿ ಮರುಗಿದರೆ ಅದು ಸಹಜ.

ಈ ಆಕ್ಷೇಪಣೆಗೆ ನಮ್ಮ ಉತ್ತರ ಇಷ್ಟು. ವಿಷವಾದ ಕಾಳು ಹಸಿವೆಯನ್ನು ಹಿಂಗಿಸುವದಿಲ್ಲ. ಹಸಿದ ದೇಹವನ್ನು ಭೇದಿಯಿಂದ ಇನ್ನಷ್ಟು ಬಡವಾಗಿಸುವದು. ‘ದನಕ್ಕೆ ಹಾಕಿ’ ಎಂಬ ಸುಲಭದ ಮಾತೂ ಪೂರ್ತಿ ಸರಿಯಲ್ಲ. ಫ್ಯುಮೊನಿಸಿನ್ ಸೇರಿದ ಮೇವಿನಿಂದ ಕುದುರೆಗಳು ಮಿದುಳು ಕೆಟ್ಟು ಸತ್ತದ್ದುಂಟು. ಅಫ್ಲಾಟಾಕ್ಸಿನ್ ತಿಂದ ಹಸುವಿನ ಹಾಲಿನಲ್ಲಿ ಅದರ ಅಂಶವು ಇಳಿದುಬರುವದು. ಆದುದರಿಂದ ಜಪ್ತಿ ಬೇಕೇ ಬೇಕು. ಆದರೆ ಜಪ್ತಿಯ ಬಂಡಿ ಹೋದ ಓಣಿಗೆ ಅದೇ ದಿನ ಒಳ್ಳೆಯ ಕಾಳಿನ ಬಂಡಿ ಬರಬೇಕು. ಸಂವಿಧಾನದ 47ನೆಯ ಅನುಚ್ಛೇದವು ಜನರ ಪೋಷಣೆಯ ಮಟ್ಟವನ್ನು ಏರಿಸುವದು ರಾಜ್ಯದ ಮೊದಲ ಕರ್ತವ್ಯಗಳಲ್ಲಿ ಒಂದೆಂದು ಹೇಳಿದೆ. 2013ರ ರಾಷ್ಟ್ರೀಯ ಆಹಾರ ಭದ್ರತೆಯ ಕಾಯದೆಯು ಅಗ್ಗದ ಧಾನ್ಯವನ್ನು ಹಕ್ಕನ್ನಾಗಿ ಮಾಡಿದೆ. ಕೆಟ್ಟದ್ದನ್ನು ಕಸಿಯುವ ಕೈಯೂ ಒಳ್ಳೆಯದನ್ನು ಕೊಡುವ ಕೈಯೂ ಒಂದೇ ಸರಕಾರದವು. ಎರಡೂ ಒಟ್ಟಿಗೆ ಆಡಬೇಕೆಂದು ಕೇಳುವ ಅಧಿಕಾರ ನಮಗಿದೆ.

1954ರ ಕಾಯದೆ ಈಗ ಇಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟದ ಕಾಯದೆಯು 2011ರ ಆಗಸ್ಟ 5ರಿಂದ ಅದರ ಸ್ಥಾನದಲ್ಲಿ ನಡೆಯುತ್ತಿದೆ. ಅದರಲ್ಲಿಯ ನಾಲ್ಕು ಮಾತುಗಳನ್ನು ಪ್ರತಿಯೊಬ್ಬ ನಾಗರಿಕನೂ ಬಾಯಿಪಾಠ ಮಾಡತಕ್ಕದ್ದು. ಒಂದು, ಅದು ಒಕ್ಕಲಿಗನಿಗೂ ಅವನ ಬೆಳೆಗೂ ಹತ್ತುವದಿಲ್ಲ, ವ್ಯಾಪಾರಕ್ಕೆ ಹತ್ತುವದು. ಆದುದರಿಂದ ಆಹಾರ ಸುರಕ್ಷತೆಯ ಅಧಿಕಾರಿಯ ಹೆಸರು ಹೇಳಿ ಒಕ್ಕಲಿಗನನ್ನು ಹೆದರಿಸಿ ಅವನ ಕಾಳನ್ನು ಕಡಿಮೆ ದರಕ್ಕೆ ಕೊಳ್ಳುವ ದಲಾಲನ ಮಾತನ್ನು ನಂಬಬಾರದು. ಎರಡು, 40ನೆಯ ಕಲಮಿನಂತೆ ಗಿರಾಕಿಯೂ ತಾನು ಕೊಂಡ ವಸ್ತುವನ್ನು ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಮೂರು, ಪರೀಕ್ಷಕನು 14 ದಿನಗಳಲ್ಲಿ ವರದಿ ಕೊಡಬೇಕು. ನಾಲ್ಕು, 39ನೆಯ ಕಲಮಿನಂತೆ ಕಿರುಕುಳ ಕೊಟ್ಟ ಅಧಿಕಾರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಇನ್ನು 1860ರ ಹಳೆಯ ಕಲಮುಗಳೂ ಅಳಿಯಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 274, 275 ಎಂಬ ಹೊಸ ಅಂಕಿಗಳನ್ನು ಧರಿಸಿ, 5000 ರೂಪಾಯಿಗೆ ಏರಿದ ದಂಡದೊಡನೆ ನಿಂತಿವೆ.

ಶಿಕ್ಷಕ ಬಂಧುಗಳೇ, ಕೊನೆಯ ಮಾತು ವಿಶೇಷವಾಗಿ ನಿಮಗೆ. 2002ರಲ್ಲಿ ಅಕ್ಷರ ದಾಸೋಹವು ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಮೊದಲು ಆರಂಭವಾಯಿತು, ವಿಜಾಪುರವೂ ಅವುಗಳಲ್ಲೊಂದು. ಅಂದಿನಿಂದ ಶಾಲೆಯ ಅಡಿಗೆಮನೆಯೂ ನಿಮ್ಮ ಕಣ್ಣಳತೆಗೆ ಬಂದಿದೆ. 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟದಲ್ಲಿ ಕೀಟನಾಶಕ ಸೇರಿ 23 ಮಕ್ಕಳು ಸತ್ತರು. ಮಧ್ಯಾಹ್ನದ ಊಟದ ಮಾರ್ಗದರ್ಶಿ ಸೂಚನೆಗಳಂತೆ, ಮಕ್ಕಳಿಗೆ ಬಡಿಸುವ ಮೊದಲು ಎರಡು ಮೂರು ಜನ ದೊಡ್ಡವರು ಊಟದ ರುಚಿ ನೋಡಬೇಕು; ಅವರಲ್ಲಿ ಒಬ್ಬರಾದರೂ ಶಿಕ್ಷಕರಿರಬೇಕು. ಹಿಂದೆ ಹಗೇವಿನ ಕಾಳನ್ನು ಹಲ್ಲಿಗೆ ಕಡಿದು ನೋಡಿದ ತಾಯಿಯ ಕೆಲಸವನ್ನು ನಾಡು ಈಗ ನಿಮಗೆ ಒಪ್ಪಿಸಿದೆ. ಚೀಲದಲ್ಲಿ ಹುಳ ಕಂಡರೆ, ಬೇಳೆ ನಾರಿದರೆ, ಎಣ್ಣೆಯ ಡಬ್ಬಿಯ ಹಳೆಯ ಉಪಯೋಗ ತಿಳಿಯದಿದ್ದರೆ, ‘ಮೇಲಿನವರು ಕಳಿಸಿದ್ದಾರೆ’ ಎಂದು ಸುಮ್ಮನಿರಬೇಡಿರಿ. ಆ ಚೀಲವನ್ನು ಬದಿಗಿಡಿರಿ. ತಾರೀಖು ಹಾಕಿ ಬರೆಯಿರಿ. ಇಬ್ಬರ ಸಹಿ ಪಡೆಯಿರಿ. ಮೇಲಿನ ಕಚೇರಿಗೆ ಕಳಿಸಿ ಪ್ರತಿಯನ್ನು ಕೈಯಲ್ಲಿಡಿರಿ. ಜಪ್ತಿಯ ಅಧಿಕಾರ ನಿಮಗಿಲ್ಲದಿರಬಹುದು. ಬಡಿಸದಿರುವ ಅಧಿಕಾರ ನಿಮಗಿದೆ.

ಕಾಯಕ ದಾಸೋಹಗಳ ಮಾತನ್ನು ಲೋಕಕ್ಕೆ ಸಾರಿದ ಬಸವಣ್ಣನವರು ಬಾಗೇವಾಡಿಯ ಮಣ್ಣಿನಲ್ಲಿ ಹುಟ್ಟಿದರು. ಸಾಲೋಟಗಿಯಲ್ಲಿ ಸಾವಿರ ವರ್ಷಗಳ ಹಿಂದೆಯೇ ದೂರ ದೂರದ ನಾಡಿನ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಓದಿಸುತ್ತಿದ್ದರೆಂಬುದಕ್ಕೆ ರಾಷ್ಟ್ರಕೂಟರ ಕಾಲದ ಶಿಲಾಶಾಸನವಿದೆ. ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ಕೊಟ್ಟ ಸೀಮೆಯಿದು. ಇಂಥ ಸೀಮೆಯ ಪೇಟೆಯಲ್ಲಿ ಮಗುವಿಗೂ ಮುದುಕನಿಗೂ ನಂಬಿ ಕೊಳ್ಳತಕ್ಕ ಕಾಳು ಸಿಗಬೇಕು. ಅಂಗಡಿಕಾರನು ಬೂಷ್ಟಿನ ಚೀಲವನ್ನು ತಾನೇ ಹೊರಗಿಡಲಿ. ಅಧಿಕಾರಿಯು ಸಾಕ್ಷಿ, ನೋಟೀಸು, ರಸೀತಿಗಳಿಲ್ಲದೆ ಯಾರ ಮಾಲಿಗೂ ಕೈಹಾಕದಿರಲಿ. ನಗರಸಭೆ, ಗ್ರಾಮ ಪಂಚಾಯಿತಿಗಳು ಏನು ಜಪ್ತಾಯಿತು, ಅದು ಎಲ್ಲಿ ನಾಶವಾಯಿತು ಎಂಬುದನ್ನು ಹಲಗೆಯ ಮೇಲೆ ಬರೆಯಲಿ. ಜಪ್ತಾದ ಓಣಿಗೆ ಒಳ್ಳೆಯ ಕಾಳು ಮುಟ್ಟಿತೋ ಇಲ್ಲವೋ ಎಂಬುದನ್ನು ನಾವು ನೀವು ಹೋಗಿ ಕೇಳೋಣ. ಮುಂದಿನ ಸಂತೆಯ ದಿನವೇ ಈ ಕೆಲಸಕ್ಕೆ ಆರಂಭವಾಗಲಿ.